ಎರವಲು ಬಿತ್ತನೆ, ನಮ್ಮ ಹೊಲ

ಹಿಂದೆ ಸಂಜೆಯ ದೀಪ ಹಚ್ಚಿದ ಮೇಲೆ ಮನೆಯ ಹಿರಿಯರು ಜೈಮಿನಿ ಭಾರತವನ್ನೋ ಗದುಗಿನ ಭಾರತವನ್ನೋ ಓದಿಸಿ ಕೇಳುತ್ತಿದ್ದರು. ಈಗ ಆ ಹೊತ್ತು ದೂರದರ್ಶನದ ಧಾರಾವಾಹಿಗಳಿಗೆ ಸಲ್ಲುತ್ತಿದೆ. ಇದನ್ನು ಕಂಡು ಹಳಹಳಿಸುವುದಕ್ಕಾಗಿ ನಾವು ಲೇಖನಿಯನ್ನು ಹಿಡಿದಿಲ್ಲ. ಹಾಸನದ ಪೇಟೆಯಲ್ಲಾಗಲಿ, ಹೊಳೆನರಸೀಪುರದಲ್ಲಿ ಹೇಮಾವತಿಯ ದಡದ ಬೀದಿಯಲ್ಲಾಗಲಿ, ಅರಕಲಗೂಡಿನ ಹೊಗೆಸೊಪ್ಪಿನ ಬೇಸಾಯಗಾರರ ಹಟ್ಟಿಯಲ್ಲಾಗಲಿ, ಚನ್ನರಾಯಪಟ್ಟಣದ ತೆಂಗಿನ ತೋಟದ ಮನೆಯಲ್ಲಾಗಲಿ, ಅಜ್ಜಿಯೂ ಸೊಸೆಯೂ ಮೊಮ್ಮಗಳೂ ಒಂದೇ ಕೋಣೆಯಲ್ಲಿ ಕುಳಿತು ಒಂದೇ ಕಥೆಯನ್ನು ನೋಡುವರು. ಹೀಗೆ ಮೂರು ತಲೆಮಾರಿನವರನ್ನು ಒಟ್ಟಿಗೆ ಕೂರಿಸಬಲ್ಲ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ಆದುದರಿಂದ ಆ ಕಥೆಯು ಎಲ್ಲಿಂದ ಬಂದಿತು, ಏನನ್ನು ಹೇಳುತ್ತದೆ ಎಂದು ವಿಚಾರಿಸುವುದು ಗೃಹಸ್ಥರ ಕರ್ತವ್ಯವೇ ಸರಿ. ಅಂಗಡಿಯಿಂದ ತಂದ ಅಕ್ಕಿಯನ್ನು ಮೊರದಲ್ಲಿ ಹಾಕಿ ಕಲ್ಲನ್ನು ಆರಿಸುವವರು ಕಥೆಯನ್ನು ಮಾತ್ರ ಹಾಗೆಯೇ ಒಲೆಯ ಮೇಲಿಡುವುದು ಯಾವ ನ್ಯಾಯ?

ಈ ತಿಂಗಳು ನಾವು ವಿಮರ್ಶೆಗೆ ಎತ್ತಿಕೊಂಡಿರುವುದು 'ಜೊತೆ ಜೊತೆಯಲಿ' ಎಂಬ ಧಾರಾವಾಹಿಯನ್ನು. ಇದು 2019ರ ಸೆಪ್ಟೆಂಬರಿನಿಂದ 2023ರ ಮೇ ತಿಂಗಳವರೆಗೆ ಜೀ ಕನ್ನಡ ವಾಹಿನಿಯಲ್ಲಿ ಪ್ರಸಾರವಾಯಿತು. ಮುಗಿದುಹೋದ ಕಥೆಯನ್ನು ಈಗೇಕೆ ಎತ್ತುವಿರಿ ಎಂದು ಕೆಲವರು ಕೇಳಬಹುದು. ನಡೆಯುತ್ತಿರುವ ಧಾರಾವಾಹಿಯ ಗುಣದೋಷಗಳನ್ನು ತೂಗಲು ಬರುವುದಿಲ್ಲ. ನಾಳೆ ಅದು ಯಾವ ಕಡೆಗೆ ತಿರುಗುವುದೋ ಬರೆದವರೇ ಅರಿಯರು. ಮುಗಿದುದನ್ನಾದರೋ ತಕ್ಕಡಿಯಲ್ಲಿ ಇಡಬಹುದು.

ಈ ಕಥೆಯು ಹುಟ್ಟಿನಿಂದ ಕನ್ನಡದ್ದಲ್ಲ. ಅದೇ ಸಂಸ್ಥೆಯ ಮರಾಠಿ ವಾಹಿನಿಯಲ್ಲಿ 2018ರ ಆಗಸ್ಟಿನಿಂದ 2019ರ ಜುಲೈವರೆಗೆ ನಡೆದ 'ತುಲಾ ಪಾಹತೇ ರೇ' ಎಂಬುದರ ಮರುರೂಪವಿದು. ಕನ್ನಡದಲ್ಲಿ ಗೆದ್ದ ಮೇಲೆ 2020ರಲ್ಲಿ ತೆಲುಗಿನಲ್ಲಿಯೂ ಇದನ್ನು ತಯಾರಿಸಿದರು. ಒಂದೇ ಸಂಸ್ಥೆಗೆ ಹಲವು ಭಾಷೆಗಳ ವಾಹಿನಿಗಳಿರುವಾಗ ಒಂದು ಕಡೆ ಫಲಕೊಟ್ಟ ಕಥೆಯನ್ನು ಮತ್ತೊಂದು ಕಡೆ ನೆಡುವುದು ವ್ಯಾಪಾರದ ದೃಷ್ಟಿಯಿಂದ ಸುಲಭ. ಜನರು ಮೆಚ್ಚುವರೋ ಇಲ್ಲವೋ ಎಂಬ ಅಂಜಿಕೆ ಅರ್ಧ ಕಡಿಮೆಯಾಗುತ್ತದೆ.

ಕಥೆಯ ತಿರುಳು ಇಷ್ಟು. ಆರ್ಯವರ್ಧನನು ನಲವತ್ತು ದಾಟಿದ ಶ್ರೀಮಂತ ಉದ್ಯಮಿ. ಅನು ಸಿರಿಮನೆಯು ಸೀರೆಯ ಅಂಗಡಿಯಲ್ಲಿ ಕೆಲಸ ಮಾಡುವ ಸುಬ್ಬು ಎಂಬಾತನ ಮಗಳು, ಅವನಿಗಿಂತ ಎಷ್ಟೋ ಕಿರಿಯಳು. ಇವರಿಬ್ಬರಿಗೂ ಪ್ರೀತಿ ಬೆಳೆಯುತ್ತದೆ. ವಯಸ್ಸಿನ ಅಂತರ, ಹಣದ ಅಂತರ, ಎರಡು ಮನೆಗಳ ನಡವಳಿಕೆಯ ಅಂತರ ಇವೆಲ್ಲವೂ ಅಡ್ಡ ಬರುತ್ತವೆ. ಮೊದಲ ಭಾಗವೆಲ್ಲ ತಿಳಿಹಾಸ್ಯ, ನಾಚಿಕೆ, ಮುನಿಸುಗಳಿಂದ ತುಂಬಿದೆ. ನಡುವೆ ರಾಜನಂದಿನಿ ಎಂಬ ಗತಿಸಿದ ಹೆಂಡತಿಯ ನೆರಳು ಬೀಳುತ್ತದೆ. ಪೂರ್ವಜನ್ಮದ ಮಾತು ಬರುತ್ತದೆ. ನಗೆಯ ಕಥೆಯು ಭಯದ ಕಥೆಯಾಗುತ್ತದೆ.

ಕನ್ನಡದವರು ಮಾಡಿರುವ ಒಳ್ಳೆಯ ಕೆಲಸವನ್ನು ಮೊದಲು ಹೇಳುವೆವು. ಆರೂರು ಜಗದೀಶರ ನಿರ್ದೇಶನದಲ್ಲಿ ಅನುವಿನ ಮನೆಯು ನಿಜವಾಗಿಯೂ ಒಂದು ಮನೆಯಾಗಿದೆ. ಮರಾಠಿಯ ನಿಮ್ಕರ್ ಮನೆತನವು ಇಲ್ಲಿ 'ಸಿರಿಮನೆ'ಯಾದುದು ಬರಿಯ ಹೆಸರಿನ ಬದಲಾವಣೆಯಲ್ಲ. ಕಿವಿಗೆ ಮಲೆನಾಡಿನ ನಂಟು ಕೇಳಿಸುವ ಹೆಸರದು. ಸಿರಿಯಿಲ್ಲದ ಮನೆಗೆ ಸಿರಿಮನೆಯೆಂಬ ಹೆಸರಿರುವುದರಲ್ಲಿ ಒಂದು ಮೆಲುನಗೆಯೂ ಅಡಗಿದೆ. ತಿಂಗಳ ಕೊನೆಯಲ್ಲಿ ಕೈ ಬಿಗಿಯಾಗುವುದು, ನೆರೆಹೊರೆಯವರೆದುರು ಮಾನ ಕಾಪಾಡಿಕೊಳ್ಳುವುದು, ಮಗಳ ಮದುವೆಯನ್ನು ಕುರಿತು ತಂದೆಯ ಕೊರಗು ಒಂದಾದರೆ ತಾಯಿಯ ಕನಸು ಇನ್ನೊಂದಾಗಿರುವುದು ಇವೆಲ್ಲವೂ ನಮ್ಮ ಊರುಗಳ ಸಂಸಾರಗಳಿಗೆ ಪರಿಚಿತವಾದುವೇ. ಅನಿರುದ್ಧ್ ಜತಕರರು ಆರ್ಯವರ್ಧನನಿಗೆ ಗಾಂಭೀರ್ಯವನ್ನು ತಂದರು. ಮೇಘಾ ಶೆಟ್ಟಿಯವರು ಇದರಿಂದಲೇ ನಟನೆಗೆ ಕಾಲಿಟ್ಟವರು. ಹೊಸಬರ ಸಂಕೋಚವೇ ಅನುವಿನ ಪಾತ್ರಕ್ಕೆ ಅಲಂಕಾರವಾಯಿತು.

ಇನ್ನು ಕೊರತೆಗಳನ್ನು ನೋಡೋಣ. ಮರಾಠಿಯವರು ಒಂದು ವರ್ಷದೊಳಗೆ ಹೇಳಿ ಮುಗಿಸಿದ ಕಥೆಯನ್ನು ಕನ್ನಡದವರು ನಾಲ್ಕು ವರ್ಷಗಳಿಗೆ ಸಮೀಪವಾಗಿ ಎಳೆದರು. ಒಂದು ಪಾವು ಹಾಲಿಗೆ ಮೂರು ಪಾವು ನೀರನ್ನು ಬೆರೆಸಿದರೆ ಬಣ್ಣವು ಉಳಿಯಬಹುದು, ರುಚಿಯು ಉಳಿಯದು. ಹೀಗೇಕೆ ಮಾಡುವರೆಂಬುದೂ ಗುಟ್ಟೇನಲ್ಲ. ವಾರವಾರವೂ ಯಾವ ಧಾರಾವಾಹಿಯನ್ನು ಎಷ್ಟು ಜನ ನೋಡಿದರೆಂಬ ಲೆಕ್ಕವು ಹೊರಬೀಳುತ್ತದೆ. ಆ ಲೆಕ್ಕಕ್ಕೆ ತಕ್ಕಂತೆ ಜಾಹೀರಾತು ಬರುತ್ತದೆ. ಜಾಹೀರಾತು ಬರುವವರೆಗೆ ಕಥೆಗೆ ಮುಕ್ತಾಯವಿಲ್ಲ. 2022ರ ಆಗಸ್ಟಿನಲ್ಲಿ ನಾಯಕನ ಪಾತ್ರದಿಂದ ಅನಿರುದ್ಧರು ಹೊರಬಂದು ಹರೀಶ್ ರಾಜರು ಪ್ರವೇಶಿಸಿದರು. ಮೂರು ವರ್ಷ ಪ್ರತಿರಾತ್ರಿಯೂ ಕಂಡ ಮುಖವು ಬದಲಾದಾಗ ನೋಡುವವರ ಮನಸ್ಸು ಒಡನೆ ಒಗ್ಗುವುದು ಕಷ್ಟ. ಹಿತಮಿತವಾಗಿ ಮುಗಿಸಿದ್ದರೆ ಆ ಕಷ್ಟವೇ ಬರುತ್ತಿರಲಿಲ್ಲ.

ಎರಡನೆಯ ಕೊರತೆ ಇದಕ್ಕಿಂತ ಆಳವಾದುದು. ಮರಾಠಿಯ ಶೀರ್ಷಿಕೆಗೆ 'ನಿನ್ನನ್ನು ನೋಡುತ್ತಿರುವೆನು' ಎಂದು ಅರ್ಥ. ಆ ಭಾಷೆಯ ಕ್ರಿಯಾಪದದಿಂದಲೇ ಇದು ಹೆಣ್ಣಿನ ಮಾತೆಂಬುದು ತಿಳಿಯುತ್ತದೆ. ಮೊದಮೊದಲು ಅದು ಒಲಿದವಳ ನೋಟ. ನಾಯಕನೇ ತನ್ನ ಮೊದಲ ಹೆಂಡತಿಯ ಸಾವಿಗೆ ಕಾರಣನೆಂದು ಹೊರಬಿದ್ದ ಮೇಲೆ ಅದೇ ನೋಟವು ಎಚ್ಚರದ ನೋಟವಾಗುತ್ತದೆ, ಲೆಕ್ಕ ಕೇಳುವ ನೋಟವಾಗುತ್ತದೆ. ನಮ್ಮಲ್ಲಿಯೂ 'ನಿನ್ನನ್ನು ನೋಡಿಕೊಳ್ಳುತ್ತೇನೆ' ಎಂಬ ಮಾತಿಗೆ ಎರಡು ಅರ್ಥಗಳಿಲ್ಲವೇ? ಕನ್ನಡದವರು ಇದನ್ನು ಬಿಟ್ಟು 'ಜೊತೆ ಜೊತೆಯಲಿ' ಎಂಬ ಇಂಪಾದ ಹೆಸರನ್ನು ಇಟ್ಟರು. ಹೆಸರೇನೋ ಸೊಗಸಾಗಿದೆ, ಆದರೆ ಎಚ್ಚರವು ಕಳೆದುಹೋಗಿ ಬರಿಯ ಒಲವು ಉಳಿಯಿತು. ಕಿರಿಯ ವಯಸ್ಸಿನ ಬಡವರ ಹುಡುಗಿಯು ಹಿರಿಯ ವಯಸ್ಸಿನ ಧನಿಕನನ್ನು ನಂಬುವ ಮುನ್ನ ಅವನ ಹಿನ್ನೆಲೆಯನ್ನು ವಿಚಾರಿಸಬೇಕೆಂಬುದೇ ಮೂಲಕಥೆಯ ಬೆನ್ನೆಲುಬು. ಇಲ್ಲಿ ಆ ಗುಟ್ಟು ಹೊರಬರುವಷ್ಟರಲ್ಲಿ ನಾಯಕನನ್ನು ನಮ್ಮ ಮನೆಮನೆಗಳಲ್ಲಿ ಆರಾಧಿಸಿ ಆಗಿತ್ತು.

ಇದನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಗಳಿಗೆ ಗಂಡು ಹುಡುಕುವ ಮನೆಗಳಲ್ಲಿ ಈ ಕಥೆಯನ್ನು ನೋಡಿದರು. 'ವಯಸ್ಸಾದರೇನು, ಆರ್ಯವರ್ಧನನಂಥವನು ಸಿಕ್ಕಿದರೆ ಸಾಕು' ಎಂಬ ಮಾತು ವಿನೋದಕ್ಕೆ ಬಂದರೆ ದೋಷವಿಲ್ಲ; ಅದೇ ಗಂಡು ನೋಡುವ ಅಳತೆಗೋಲಾದರೆ ಕಷ್ಟ. ಹಿಂದಿನ ಕಾಲದಲ್ಲಿ ಎಳೆಯ ಹೆಣ್ಣುಮಕ್ಕಳನ್ನು ವಯಸ್ಸಾದ ಎರಡನೆಯ ಸಂಬಂಧಕ್ಕೆ ಕೊಟ್ಟು ಮಾಡಿದ ಅನ್ಯಾಯವನ್ನು ಅಳಿಸಲು ನಮ್ಮ ಹಿರಿಯರು ಎಷ್ಟೋ ಶ್ರಮಪಟ್ಟಿರುವರು. ಅನುವನ್ನು ಯಾರೂ ಕೊಟ್ಟುದಲ್ಲ, ಅವಳೇ ಒಲಿದಳು ಎಂಬುದು ನಿಜ. ಅದು ದೊಡ್ಡ ವ್ಯತ್ಯಾಸವೇ. ಆದರೂ ಕಾರು, ಬಂಗಲೆ, ಸೂಟುಗಳ ಹೊಳಪು ಆ ಒಲವಿನಲ್ಲಿ ಎಷ್ಟು ಪಾಲು ಎಂಬ ಪ್ರಶ್ನೆಯನ್ನು ಧಾರಾವಾಹಿಯು ಧೈರ್ಯವಾಗಿ ಕೇಳಲಿಲ್ಲ. ಕೇಳುವ ಕೆಲಸವು ಮನೆಯ ಹಿರಿಯರಿಗೆ ಉಳಿಯಿತು.

ಹಾಗಾದರೆ ಮರುರೂಪಗಳೇ ಬೇಡವೆಂದು ನಮ್ಮ ಅಭಿಪ್ರಾಯವೇ? ಖಂಡಿತವಾಗಿಯೂ ಅಲ್ಲ. ಕನ್ನಡಿಗರು ಕಾದಂಬರಿ ಓದುವುದನ್ನು ಕಲಿತದ್ದೇ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದಲೂ ಗಳಗನಾಥರು ಮರಾಠಿಯಿಂದಲೂ ತಂದುಕೊಟ್ಟ ಕಥೆಗಳಿಂದ. ನಮ್ಮ ಕಾಲದಲ್ಲಿ ಮರುರೂಪಗಳು ಇಷ್ಟೊಂದು ಹೆಚ್ಚಿದ್ದಕ್ಕೆ ಇನ್ನೊಂದು ಕಾರಣವುಂಟು. 1960ರ ದಶಕದಲ್ಲಿ ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತನ್ನು ಅಂಟಿಸುವ ಡಬ್ಬಿಂಗಿನ ವಿರುದ್ಧ ಚಳವಳಿಯು ಎದ್ದಿತು. ಅದರ ಮುಂಚೂಣಿಯಲ್ಲಿದ್ದವರಲ್ಲಿ ಅರಕಲಗೂಡಿನ ಮನೆತನದ ಅ. ನ. ಕೃಷ್ಣರಾಯರೂ ಒಬ್ಬರು. ಡಬ್ಬಿಂಗು ನಿಂತುದರಿಂದ ಹೊರಗಿನ ಕಥೆ ಬೇಕಾದವರು ಕನ್ನಡದ ನಟರನ್ನೇ, ಬರಹಗಾರರನ್ನೇ, ಬಣ್ಣ ಹಚ್ಚುವವರನ್ನೇ ಕೂಡಿಸಿ ಹೊಸದಾಗಿ ತಯಾರಿಸಬೇಕಾಯಿತು. ಎಷ್ಟೋ ಸಂಸಾರಗಳಿಗೆ ಅದರಿಂದ ಅನ್ನ ದೊರೆಯಿತು. 2015ರಲ್ಲಿ ಭಾರತ ಸ್ಪರ್ಧಾ ಆಯೋಗವು ಡಬ್ಬಿಂಗನ್ನು ತಡೆಯುವುದು ತಪ್ಪೆಂದು ತೀರ್ಪಿತ್ತಿತು. 2020ರಲ್ಲಿ ಕೊರೋನಾ ಕಾಲದಲ್ಲಿ ಚಿತ್ರೀಕರಣಗಳು ನಿಂತಾಗ ಹಿಂದಿಯ 'ಮಹಾಭಾರತ'ವು ಕನ್ನಡದ ಮಾತಿನಲ್ಲಿ ಬಂದಿತು. ಅಂದಿನಿಂದ ಎರಡು ಬಗೆಯವೂ ನಮ್ಮ ಮನೆಗಳಲ್ಲಿವೆ. ಡಬ್ಬಿಂಗಿನಲ್ಲಿ ತುಟಿಯೊಂದು, ನುಡಿಯೊಂದು. ಮರುರೂಪದಲ್ಲಾದರೋ ಕಥೆಗೆ ನಮ್ಮ ಮೈ ಬರುತ್ತದೆ. ಅದನ್ನು ಚೆನ್ನಾಗಿ ಬಳಸಿಕೊಳ್ಳುವುದೂ ಕೆಡಿಸುವುದೂ ಮಾಡುವವರ ಕೈಯಲ್ಲಿದೆ.

ಚೆನ್ನಾಗಿ ಬಳಸಿಕೊಂಡುದಕ್ಕೆ ಅದೇ ಜಗದೀಶರ 'ಪುಟ್ಟಕ್ಕನ ಮಕ್ಕಳು' ಸಾಕ್ಷಿ. 2021ರ ಡಿಸೆಂಬರಿನಲ್ಲಿ ಆರಂಭವಾದ ಇದು ತೆಲುಗಿನ 'ರಾಧಮ್ಮ ಕೂತುರು' ಎಂಬುದರ ಮರುರೂಪ. ಗಂಡುಮಗುವಾಗಲಿಲ್ಲವೆಂದು ಗಂಡನು ಬಿಟ್ಟುಹೋದ ಹೆಂಗಸೊಬ್ಬಳು ಊಟದ ಮೆಸ್ಸನ್ನು ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವಳು. ಉಮಾಶ್ರೀಯವರು ಮಂಡ್ಯದ ಸೀಮೆಯ ಆಡುಮಾತಿನಲ್ಲಿ ಮಾತನಾಡಿದಾಗ ಅದು ತೆಲುಗಿನಿಂದ ಬಂದ ಕಥೆಯೆಂಬ ನೆನಪೇ ಉಳಿಯುವುದಿಲ್ಲ. ಮಂಡ್ಯದ ಮಗ್ಗುಲಲ್ಲಿಯೇ ಇರುವ ಚನ್ನರಾಯಪಟ್ಟಣದವರಿಗೂ ಹೊಳೆನರಸೀಪುರದವರಿಗೂ ಪುಟ್ಟಕ್ಕನು ಪಕ್ಕದ ಬೀದಿಯ ಹೆಂಗಸಿನಂತೆಯೇ ಕಂಡಿರಬೇಕು.

ಬೇರೆ ದೇಶಗಳಲ್ಲಿಯೂ ಇದೇ ಪರೀಕ್ಷೆ ನಡೆದಿದೆ. ಕೊರಿಯಾ ದೇಶದಲ್ಲಿ 2005ರಲ್ಲಿ 'ನನ್ನ ಹೆಸರು ಕಿಮ್ ಸಾಮ್‌ಸೂನ್' ಎಂಬ ನಗೆಯ ಪ್ರೇಮಕಥೆಯು ಮನೆಮಾತಾಯಿತು. ಸಿಹಿತಿನಿಸು ಮಾಡುವ, ಮೈ ತುಂಬಿದ, ಮೂವತ್ತರ ಹತ್ತಿರದ ಹೆಣ್ಣೊಬ್ಬಳು ಅದರ ನಾಯಕಿ; ತನ್ನ ಹೆಸರು ಹಳೆಯ ಕಾಲದ್ದೆಂದು ಅವಳಿಗೆ ನಾಚಿಕೆ. ನಮ್ಮಲ್ಲಿ ಪಟ್ಟಣದಲ್ಲಿ ಓದಿದ ಹುಡುಗಿಗೆ ಅಜ್ಜಿಯ ಹೆಸರಿಟ್ಟರೆ ಆಗುವಂತಹುದೇ ಸಂಕಟ. 2008ರಲ್ಲಿ ಫಿಲಿಪೈನ್ಸಿನವರು ರೆಜಿನ್ ವೆಲಾಸ್ಕೆಜ್ ಎಂಬ ಪ್ರಸಿದ್ಧ ಗಾಯಕಿಯನ್ನು ನಾಯಕಿಯನ್ನಾಗಿಸಿ ಇದನ್ನು ತಮ್ಮ ಭಾಷೆಯಲ್ಲಿ ತಯಾರಿಸಿದರು. ಆದರೆ ಕೊರಿಯಾದ ಹೆಸರನ್ನೇ ಉಳಿಸಿಕೊಂಡರು. ಕೊರಿಯಾದವನ ಕಿವಿಗೆ ಹಳತಾಗಿ ಕೇಳುವ ಹೆಸರು ಮನಿಲಾದವನ ಕಿವಿಗೆ ಪರದೇಶದ್ದಾಗಿ ಮಾತ್ರ ಕೇಳುವುದು. ಪ್ರಸಿದ್ಧಿ ಪಡೆದ ಹೆಸರನ್ನು ಬಿಡಲು ಯಾವ ವರ್ತಕನೂ ಒಪ್ಪನು. ಆದರೆ ಹೆಸರು ಉಳಿದಲ್ಲಿ ನಗೆಯು ಬದಲಾಗುತ್ತದೆ.

ಹಾಸನದ ಸೀಮೆಯವರಿಗೆ ಈ ವಿಷಯವನ್ನು ಆಲೂಗಡ್ಡೆಯ ಬೇಸಾಯದಿಂದ ತಿಳಿಸಬಹುದು. ಬಿತ್ತನೆಯ ಗೆಡ್ಡೆಯು ದೂರದ ಪಂಜಾಬಿನ ಜಲಂಧರದಿಂದ ಲಾರಿಗಳಲ್ಲಿ ಬರುತ್ತದೆ. ಮುಂಗಾರಿನಲ್ಲಿ ಅದನ್ನು ನಮ್ಮ ಕೆಮ್ಮಣ್ಣಿನಲ್ಲಿ ನೆಟ್ಟು ಬೆಳೆದ ಮೇಲೆ ಅದು ಹಾಸನದ ಆಲೂಗಡ್ಡೆಯೇ. ಜಲಂಧರದ್ದೆಂದು ಯಾರೂ ಹೇಳುವುದಿಲ್ಲ. ಆದರೆ ಬಿತ್ತನೆಯನ್ನು ಪರೀಕ್ಷಿಸದೆ ತಂದರೆ ಅದರೊಡನೆ ರೋಗವೂ ಬರಬಹುದು. ಅಂಗಮಾರಿಯು ಹೊಕ್ಕ ಹೊಲವನ್ನು ಕಂಡವರಿಗೆ ಆ ನಷ್ಟವು ಗೊತ್ತು. ಪ್ರತಿವರ್ಷವೂ ಬಿತ್ತನೆಗೆ ಪರರ ಕಡೆಗೆ ನೋಡುವ ಬೇಸಾಯಗಾರನಿಗೆ ಬೆಲೆಯನ್ನು ಗೊತ್ತುಮಾಡುವ ಸ್ವಾತಂತ್ರ್ಯವೂ ಇರುವುದಿಲ್ಲ. ಆದುದರಿಂದಲೇ ಇತ್ತೀಚಿನ ವರ್ಷಗಳಲ್ಲಿ ಇಲ್ಲಿಯೇ ಸಸಿಯಿಂದ ಬಿತ್ತನೆಯನ್ನು ಬೆಳೆದುಕೊಳ್ಳುವ ಪ್ರಯತ್ನಗಳು ನಡೆದಿವೆ.

ಕಥೆಯ ವಿಷಯದಲ್ಲಿ ನಮ್ಮ ಸೀಮೆಗೆ ಬಿತ್ತನೆಯ ಬರವಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯಿಂದ 1974ರಲ್ಲಿ 'ಭೂತಯ್ಯನ ಮಗ ಅಯ್ಯು' ಚಿತ್ರವಾಯಿತು. ಅ. ನ. ಕೃ. ಅವರ 'ಸಂಧ್ಯಾರಾಗ'ವು 1966ರಲ್ಲಿ ಬೆಳ್ಳಿತೆರೆಗೆ ಬಂದಿತು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿ 2025ರಲ್ಲಿ ಕಣ್ಮರೆಯಾದ ಎಸ್. ಎಲ್. ಭೈರಪ್ಪನವರ 'ಗೃಹಭಂಗ'ವನ್ನು ಗಿರೀಶ ಕಾಸರವಳ್ಳಿಯವರು ಧಾರಾವಾಹಿಯನ್ನಾಗಿ ಮಾಡಿದರು. ಅದರಲ್ಲಿ ನಂಜಮ್ಮನ ಪಾಡನ್ನು ಕಂಡವರು ಅದನ್ನು ಮರೆಯಲಾರರು. ಇಂತಹ ಹೊಲವಿರುವಾಗ ಪ್ರತಿ ಹಂಗಾಮಿನಲ್ಲಿಯೂ ಎರವಲು ತರಬೇಕಾದ ಅಗತ್ಯವೇನು?

ನಮ್ಮ ಗೃಹಿಣಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ಧಾರಾವಾಹಿಯನ್ನು ನೋಡಿರಿ; ನೋಡಿ ನಕ್ಕು ಹಗುರವಾಗುವುದರಲ್ಲಿ ತಪ್ಪಿಲ್ಲ. ಮುಗಿದ ಮೇಲೆ ಒಂದು ಗಳಿಗೆ ಮಕ್ಕಳೊಡನೆ ಮಾತನಾಡಿರಿ: ಅನು ಮಾಡಿದುದು ಸರಿಯೇ? ಸುಬ್ಬುವಿನ ಸ್ಥಾನದಲ್ಲಿ ನಾವಿದ್ದರೆ ಏನು ಮಾಡುತ್ತಿದ್ದೆವು? ಈ ಎರಡು ಪ್ರಶ್ನೆಗಳಿಗೆ ಮನೆಯ ಹೆಣ್ಣುಮಗಳು ಕೊಡುವ ಉತ್ತರವನ್ನು ತಂದೆತಾಯಿಗಳು ಕಿವಿಗೊಟ್ಟು ಕೇಳಲಿ. ಮದುವೆಯ ಮಾತು ಬಂದ ದಿನ ಅವಳನ್ನು ಹೊಸದಾಗಿ ಕೇಳುವುದಕ್ಕಿಂತ ಇದು ಎಷ್ಟೋ ಸುಲಭ. ಕಥೆಯು ಮರಾಠಿಯದಾಗಲಿ ತೆಲುಗಿನದಾಗಲಿ, ಆ ಮಾತುಕತೆಯಾದರೂ ನಮ್ಮ ಮನೆಯದೇ ಆಗಿರುತ್ತದೆ.