ಎಐ ಬರೆದ ಇಮೇಲ್ ಪತ್ರಿಕೆಯಿಂದ ತಿಂಗಳಿಗೆ ಲಕ್ಷ ರೂಪಾಯಿ: ಫಾರ್ವರ್ಡ್ ಎಷ್ಟು ನಿಜ?

‘ಎಐ ಬರೆಯುತ್ತದೆ, ಹಣ ನಿಮಗೆ ಬರುತ್ತದೆ’ ಎಂಬ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ನನಗೆ ಬಂದದ್ದು ಯಲವಿಗಿ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ರೈಲಿಗೆ ಕಾಯುವಾಗ.

ಇದರಲ್ಲಿ ಅರ್ಧ ನಿಜವಿದೆ. 2017ರಲ್ಲಿ ಶುರುವಾದ ಸಬ್‌ಸ್ಟ್ಯಾಕ್‌ನಂಥ ತಾಣಗಳಲ್ಲಿ ಚಂದಾ ಪಡೆದು ಇಮೇಲ್ ಪತ್ರಿಕೆ ನಡೆಸಬಹುದು. ಚಂದಾದಲ್ಲಿ ಶೇ 10 ಸಬ್‌ಸ್ಟ್ಯಾಕ್‌ಗೆ. ಪಾವತಿ ಶುಲ್ಕ ಬೇರೆ. ಆ ಪಾವತಿ ನಡೆಸುವ ಸ್ಟ್ರೈಪ್ ಕಂಪನಿ 2024ರಲ್ಲಿ ಭಾರತದಲ್ಲಿ ಹೊಸ ಖಾತೆಯನ್ನು ಆಹ್ವಾನ ಇದ್ದವರಿಗಷ್ಟೇ ಎಂದು ಮಾಡಿತು. ಇದನ್ನು ಫಾರ್ವರ್ಡ್ ಹೇಳುವುದಿಲ್ಲ.

ತಿಂಗಳ ಚಂದಾ 100 ರೂಪಾಯಿ ಎಂದಿಟ್ಟುಕೊಳ್ಳಿ. ಲಕ್ಷ ಆಗಲು 1,000 ಚಂದಾದಾರರು ಬೇಕು. ಪುಕ್ಕಟೆ ಓದುವ ನೂರು ಜನರಲ್ಲಿ ಐವರು ಹಣ ಕೊಟ್ಟರೂ 20,000 ಓದುಗರಿರಬೇಕು!

ಎಐ ಮುಂದಿನ ಪದ ಯಾವುದಿರಬಹುದೆಂದು ಲೆಕ್ಕ ಹಾಕಿ ಬರೆಯುತ್ತದೆ. ಬ್ಯಾಡಗಿ ಮಾರುಕಟ್ಟೆಯ ಇವತ್ತಿನ ಮೆಣಸಿನಕಾಯಿ ದರ ಗೊತ್ತಿಲ್ಲದಿದ್ದರೂ ಒಂದು ಅಂಕಿ ಕೊಟ್ಟೀತು. ಅದನ್ನು ನಂಬಿ ರೈತ ಚೀಲ ಮಾರದೆ ಇಟ್ಟುಕೊಂಡರೆ ನಷ್ಟ ಯಾರದು? ತಾವೇ ಮಾರುಕಟ್ಟೆಗೆ ಹೋಗಿ ದರ ಕೇಳಿ ಬಂದು, ಬರಹ ತಿದ್ದಲು ಮಾತ್ರ ಎಐ ಬಳಸಿದರೆ ಮಾತು ಬೇರೆ. ಅದಕ್ಕೆ ದುಡ್ಡು ಕೊಡುವವರು ಸಿಕ್ಕಾರು.

ಹಾವೇರಿ ಸೀಮೆಯವರೇ ಆದ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದವರು. 1980ರಲ್ಲಿ ಆರಂಭವಾದ ಲಂಕೇಶ್ ಪತ್ರಿಕೆ ಜಾಹೀರಾತಿಲ್ಲದೆ ಓದುಗರ ಹಣದಲ್ಲೇ ನಡೆಯಿತು. ಓದುಗರನ್ನು ಗಳಿಸುವ ಆ ಕೆಲಸವನ್ನು ಎಐ ಮಾಡಿಕೊಡುವುದಿಲ್ಲ.

ನನಗೆ ಬಂದ ಸಂದೇಶದ ಕೊನೆಗೆ ಕೋರ್ಸ್‌ಗೆ ಹಣ ಕಟ್ಟುವ ಲಿಂಕ್ ಇತ್ತು. ಗಳಿಕೆ ಇರುವುದು ಅಲ್ಲಿ, ಕಳಿಸಿದವರಿಗೆ. ಕಟ್ಟಿ ಮೋಸಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.