ಬರೆದದ್ದನ್ನು ಹಿರಿಯರಿಗೆ ಓದಿ ಹೇಳೋಣ

ಮುಂಬಯಿ ಕನ್ನಡಿಗರ ಚರಿತ್ರೆ ಹೆಚ್ಚಾಗಿ ಸಂಘಗಳ ಸ್ಮರಣ ಸಂಚಿಕೆಗಳಲ್ಲಿದೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಹಿರಿಯ ಸಂಸ್ಥೆಗಳ ಸಾಧನೆ ದಾಖಲಾಗಿದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತವರ ಮಾತು ಅಪರೂಪ. ಆ ಪೀಳಿಗೆಯ ಹಲವರಿಗೆ ಈಗ ನೆರೂಳಿನ ಫ್ಲ್ಯಾಟುಗಳಲ್ಲಿ ಮುಪ್ಪು ಬಂದಿದೆ.

ಮುಂಬಯಿ ವಿಶ್ವವಿದ್ಯಾಲಯದಲ್ಲಿ 1978ರಿಂದ ಕನ್ನಡ ವಿಭಾಗವಿದೆ. ಅದರೊಡನೆ ನಮ್ಮ ಸಂಘಗಳು ಸೇರಿ ಹಳೆಯ ಫೋಟೊಗಳನ್ನು ಹಿರಿಯರ ಮುಂದಿಡಲಿ, ಅವರ ಮಾತು ರೆಕಾರ್ಡ್ ಮಾಡಲಿ. ಬಳಿಕ ಬರೆದದ್ದನ್ನು ಅವರಿಗೇ ಓದಿ ಹೇಳಲಿ. ನಾವು ‘ಸಾಹಸ’ ಎಂದದ್ದನ್ನು ಅವರು ‘ಹಸಿವು’ ಎಂದು ತಿದ್ದಬಹುದು. ಆ ಹಕ್ಕು ಅವರಿಗಿರಲಿ.

1970ರಲ್ಲಿ ಸಿಡ್ಕೊ ಬಂದ ಮೇಲೆ ಜಮೀನು ಕಳೆದುಕೊಂಡ ಆಗ್ರಿ, ಕೋಲಿ ನೆರೆಯವರನ್ನೂ ಕರೆಯೋಣ. ನಾವು ಮನೆ ಮಾಡಿದ್ದು ಅವರ ನೆಲದಲ್ಲಿ. ಅವರ ಮಾತಿಲ್ಲದೆ ನಮ್ಮ ನೆರೂಳಿನ ಕಥೆ ಪೂರ್ತಿಯಾಗದು.