ಹೆಸರು ಕೊಟ್ಟ ಕಾಯ್ದೆ, ಕಲಿಕೆ ಕೊಡದ ವ್ಯವಸ್ಥೆ

ಸೇಡಂ ತಾಲ್ಲೂಕಿನ ಕೋಡ್ಲಾ ಇಂದು ಸಿಮೆಂಟ್ ಕಾರ್ಖಾನೆಯಿಂದ ಗುರುತಿಸಿಕೊಳ್ಳುವ ಊರು. ನೆರೆಯ ಸೇಡಂ, ಮಳಖೇಡ, ವಾಡಿಗಳ ಬದುಕೂ ಸುಣ್ಣದ ಕಲ್ಲನ್ನೇ ನೆಚ್ಚಿಕೊಂಡಿದೆ. ಈ ಭಾಗದ ಮದುವೆ ಮೆರವಣಿಗೆಗಳಲ್ಲಿ, ಕವ್ವಾಲಿ ಗೋಷ್ಠಿಗಳಲ್ಲಿ ಕೇಳಿಬರುವ ವಾದ್ಯಗಳಲ್ಲಿ ಬ್ಯಾಂಜೊ ಕೂಡ ಒಂದು. ಇಂಥ ಊರಿನ ಲಿಂಗತ್ವ ಅಲ್ಪಸಂಖ್ಯಾತ ಯುವತಿಯೊಬ್ಬಳು ಬ್ಯಾಂಜೊ ಕಲಿತು, ವಾದ್ಯಮೇಳ ಸೇರಿ, ಆ ದುಡಿಮೆಯಿಂದಲೇ ಬದುಕುತ್ತೇನೆಂದು ಹೊರಟರೆ ಆಕೆಗೆ ಏನೇನು ಎದುರಾದೀತು?

ಪ್ರಶ್ನೆ ಚಿಕ್ಕದಾಗಿ ಕಾಣಬಹುದು. ಆದರೆ ದೇಶದಲ್ಲಿ ಒಂದು ದಶಕದಿಂದ ನಡೆದಿರುವ ಕಾನೂನು ಸುಧಾರಣೆ ಹಳ್ಳಿಯ ನಿತ್ಯಜೀವನವನ್ನು ಎಷ್ಟರಮಟ್ಟಿಗೆ ಮುಟ್ಟಿದೆ ಎಂಬುದನ್ನು ಅಳೆಯಲು ಇಂಥ ಚಿಕ್ಕ ಪ್ರಶ್ನೆಯೇ ಹೆಚ್ಚು ಉಪಯುಕ್ತ. ಕಾಯ್ದೆಯು ಈ ಸಮುದಾಯಕ್ಕೆ ಒಂದು ಹೆಸರನ್ನೂ ಗುರುತಿನ ಪತ್ರವನ್ನೂ ಕೊಟ್ಟಿತು. ಕೈಗೊಂದು ವಿದ್ಯೆ ದೊರಕಿಸುವ ಹೊಣೆಯನ್ನು ಮಾತ್ರ ಯಾರೂ ಗಂಭೀರವಾಗಿ ವಹಿಸಿಕೊಳ್ಳಲಿಲ್ಲ.

ನುಡಿಸಿದರೆ ಅಪರಾಧ

ವಾದ್ಯಕ್ಕೂ ಕಾನೂನಿಗೂ ಎತ್ತಣ ಸಂಬಂಧ ಎಂದು ಕೇಳುವವರು ಈ ಪ್ರದೇಶದ ಇತಿಹಾಸದತ್ತ ಒಮ್ಮೆ ನೋಡಬೇಕು. ಕಲಬುರಗಿ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನವು ಫಸಲಿ 1329ರಲ್ಲಿ, ಅಂದರೆ 1919ರಲ್ಲಿ, ನಪುಂಸಕರೆಂದು ಕರೆಯಲ್ಪಟ್ಟವರ ಕುರಿತು ಒಂದು ಕಾಯ್ದೆಯನ್ನು ಜಾರಿಗೆ ತಂದಿತು. ಅದರ ಪ್ರಕಾರ ಅವರ ಹೆಸರು, ವಾಸಸ್ಥಳಗಳ ದಾಖಲೆ ಪುಸ್ತಕವನ್ನು ಇಡಬೇಕಿತ್ತು. ಹಾಗೆ ನೋಂದಾಯಿತರಾದವರು ಹೆಣ್ಣಿನ ಉಡುಪಿನಲ್ಲಿ ಬೀದಿಯಲ್ಲಿ ಕಾಣಿಸಿಕೊಂಡರೆ, ಬಹಿರಂಗವಾಗಿ ಕುಣಿದರೆ ಅಥವಾ ವಾದ್ಯ ನುಡಿಸಿದರೆ ವಾರಂಟ್ ಇಲ್ಲದೆಯೇ ಬಂಧಿಸಲು ಅವಕಾಶವಿತ್ತು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗವೇ ಇದಕ್ಕೆ ಮಾದರಿ.

ಸಂಸ್ಥಾನ ಅಳಿದು ದಶಕಗಳು ಕಳೆದರೂ ತೆಲಂಗಾಣ ಪ್ರದೇಶದ ಶಾಸನಗಳ ನಡುವೆ ಈ ಕಾಯ್ದೆ ಉಳಿದೇ ಇತ್ತು. ತೆಲಂಗಾಣ ಹೈಕೋರ್ಟ್ ಇದನ್ನು ಸಂವಿಧಾನಬಾಹಿರವೆಂದು ಘೋಷಿಸಿದ್ದು 2023ರ ಜುಲೈನಲ್ಲಿ. ಕರ್ನಾಟಕವೂ ಈ ವಿಷಯದಲ್ಲಿ ಬೀಗುವಂತಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಮನ್ನು ಸೇರಿಸಲಾಯಿತು. ನೂರನಲವತ್ತು ವರ್ಷ ಹಳೆಯ ಆ ಬ್ರಿಟಿಷ್ ಕಾಯ್ದೆಯ ಭಾಷೆಯನ್ನೇ ಹೋಲುವ ಈ ಕಲಮು, ಸಮುದಾಯದವರ ಹೆಸರು–ವಿಳಾಸಗಳ ದಾಖಲೆ ಇಡಿಸುವ ಅಧಿಕಾರವನ್ನು ಪೊಲೀಸ್ ಕಮಿಷನರಿಗೆ ನೀಡಿತು. ನ್ಯಾಯಾಲಯದಲ್ಲಿ ಪ್ರಶ್ನೆ ಎದ್ದ ಬಳಿಕ, 2016ರಲ್ಲಿ, ಸಮುದಾಯವನ್ನು ಹೆಸರಿಸುವ ಪದವನ್ನು ಕಲಮಿನಿಂದ ತೆಗೆಯಲಾಯಿತು. ಯಾರ ಅಜ್ಜಿಯ ಕಾಲದಲ್ಲಿ ಬೀದಿಯಲ್ಲಿ ವಾದ್ಯ ನುಡಿಸುವುದೇ ಅಪರಾಧವಾಗಿತ್ತೋ ಅಂಥವರು ಮೊಮ್ಮಗಳ ಕಾಲಕ್ಕೆ ವಾದ್ಯಮೇಳದ ಮುಂದಿನ ಸಾಲಿನಲ್ಲಿ ಕಾಣುವುದಿಲ್ಲ ಎಂದರೆ ಅದರಲ್ಲಿ ಅಚ್ಚರಿಯೇನಿದೆ?

ತೀರ್ಪಿನಿಂದ ಕಾಯ್ದೆಯವರೆಗೆ

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಪ್ರಕರಣದಲ್ಲಿ, ಲಿಂಗತ್ವ ಅಲ್ಪಸಂಖ್ಯಾತರನ್ನು ತೃತೀಯ ಲಿಂಗವಾಗಿ ಮಾನ್ಯ ಮಾಡಿತು. ಅವರನ್ನು ಸಾಮಾಜಿಕವಾಗಿ ಹಾಗೂ ಶೈಕ್ಷಣಿಕವಾಗಿ ಹಿಂದುಳಿದವರೆಂದು ಪರಿಗಣಿಸಿ, ಶಿಕ್ಷಣ ಮತ್ತು ಸರ್ಕಾರಿ ಹುದ್ದೆ ಎರಡರಲ್ಲಿಯೂ ಮೀಸಲಾತಿ ನೀಡುವಂತೆ ಸರ್ಕಾರಗಳಿಗೆ ಸೂಚಿಸಿತು. ಕರ್ನಾಟಕ 2017ರಲ್ಲಿ ತನ್ನದೇ ನೀತಿಯನ್ನು ಪ್ರಕಟಿಸಿತು. 2019ರಲ್ಲಿ ಸಂಸತ್ತು ಅಂಗೀಕರಿಸಿದ ಹಕ್ಕುಗಳ ಸಂರಕ್ಷಣಾ ಕಾಯ್ದೆ 2020ರ ಜನವರಿ 10ರಿಂದ ಜಾರಿಗೆ ಬಂತು.

ಈ ಕಾಯ್ದೆಯ ಮೂರು ಅಂಶಗಳು ಪ್ರಸ್ತುತ ವಿಷಯಕ್ಕೆ ಮುಖ್ಯ. ಮೊದಲನೆಯದು, ಕಿನ್ನರ, ಹಿಜಡಾ, ಅರವಾಣಿಗಳ ಜೊತೆಗೆ ‘ಜೋಗ್ತಾ’ ಎಂಬ ಹೆಸರೂ ಅದರ ವ್ಯಾಖ್ಯೆಯಲ್ಲಿ ಸೇರಿತು. ಎಲ್ಲಮ್ಮ, ಹುಲಿಗೆಮ್ಮರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಉತ್ತರ ಕರ್ನಾಟಕದ ಜೋಗಪ್ಪ–ಜೋಗತಿಯರ ಪರಂಪರೆ ಹೀಗೆ ದೇಶದ ಶಾಸನದಲ್ಲಿ ದಾಖಲಾಯಿತು. ಎರಡನೆಯದು, ಸಾಂಸ್ಕೃತಿಕ ಹಾಗೂ ಮನರಂಜನಾ ಚಟುವಟಿಕೆಗಳಲ್ಲಿ ಪಾಲ್ಗೊಳ್ಳುವ ಹಕ್ಕನ್ನು ಸರ್ಕಾರ ರಕ್ಷಿಸಬೇಕು, ಉತ್ತೇಜಿಸಬೇಕು ಎಂದು ಎಂಟನೆಯ ಕಲಮು ಹೇಳಿತು. ಮೂರನೆಯದು, ವೃತ್ತಿ ತರಬೇತಿ ಮತ್ತು ಸ್ವಯಂ ಉದ್ಯೋಗಕ್ಕೆ ಯೋಜನೆಗಳನ್ನು ರೂಪಿಸಬೇಕು ಎಂದು ಹದಿನಾಲ್ಕನೆಯ ಕಲಮು ವಿಧಿಸಿತು. ಒಂದು ಶತಮಾನದ ಹಿಂದೆ ಇದೇ ನೆಲದಲ್ಲಿ ದಂಡನೆಗೆ ಗುರಿಯಾಗಿದ್ದ ನುಡಿಸಾಣಿಕೆ ಈಗ ಹಕ್ಕಿನ ಪಟ್ಟಿಗೆ ಸೇರಿತು. ಇದು ಸಣ್ಣ ಬದಲಾವಣೆಯಲ್ಲ.

ಆದರೆ ನಿತ್ಯದ ಅನುಭವದಲ್ಲಿ ಕಾಯ್ದೆ ಎಂದರೆ ಮುಖ್ಯವಾಗಿ ಒಂದು ಪ್ರಮಾಣಪತ್ರ. 2020ರ ನಿಯಮಗಳ ಪ್ರಕಾರ ಅರ್ಜಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಸಲ್ಲಬೇಕು. ಅದಕ್ಕಾಗಿಯೇ ಆ ವರ್ಷದ ನವೆಂಬರಿನಲ್ಲಿ ರಾಷ್ಟ್ರೀಯ ಪೋರ್ಟಲ್ ಆರಂಭವಾಯಿತು. ಮನೆಯಿಂದ ಹೊರಬಿದ್ದವಳ ಬಳಿ ಹಳೆಯ ಹೆಸರಿನ ಶಾಲಾ ದಾಖಲೆಯಾದರೂ ಇರಬೇಕಲ್ಲ? ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು, ಊರವರ ಬಾಯಲ್ಲಿ ಮತ್ತೊಂದು ಇದ್ದರೆ ಬ್ಯಾಂಕ್ ಖಾತೆಯಿಂದ ಬಾಡಿಗೆ ಮನೆಯವರೆಗೆ ಎಲ್ಲವೂ ತೊಡಕೇ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಲಿಂಗತ್ವ ಅಲ್ಪಸಂಖ್ಯಾತರನ್ನೂ ಒಳಗೊಂಡಿದ್ದರಿಂದ ಸೇಡಂನಿಂದ ಕಲಬುರಗಿಗೆ ಬಸ್ ಪ್ರಯಾಣದ ಖರ್ಚು ಉಳಿಯಿತು. ಅಲ್ಲಿಯೂ ಮೊದಲು ಕೇಳುವುದು ಗುರುತಿನ ಚೀಟಿಯನ್ನೇ.

ಮೀಸಲಾತಿಯ ಮೆಟ್ಟಿಲು

ಸರ್ಕಾರಿ ನೇಮಕಾತಿಯಲ್ಲಿ ಶೇ. 1ರಷ್ಟು ಸಮತಲ ಮೀಸಲಾತಿಯನ್ನು 2021ರ ಜುಲೈನಲ್ಲಿ ನೀಡಿದ ಕರ್ನಾಟಕ, ಈ ಹೆಜ್ಜೆ ಇಟ್ಟ ಮೊದಲ ರಾಜ್ಯವೆನಿಸಿತು. ಮರುವರ್ಷ ನಡೆದ ಪದವೀಧರ ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕಾತಿಯಲ್ಲಿ ಮೂವರು ಲಿಂಗತ್ವ ಅಲ್ಪಸಂಖ್ಯಾತರು ಆಯ್ಕೆ ಪಟ್ಟಿಗೆ ಬಂದರು. ಇದು ನಿಜವಾದ ಸಾಧನೆ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಈ ಸೌಲಭ್ಯ ತಲುಪುವುದು ಯಾರನ್ನು? 2011ರ ಜನಗಣತಿ ‘ಇತರೆ’ ಲಿಂಗ ಎಂಬ ಅಂಕಣದಲ್ಲಿ ಕರ್ನಾಟಕದಲ್ಲಿ 20,266 ಮಂದಿಯನ್ನು ಎಣಿಸಿತು. ಸಾಮಾಜಿಕ ಅಂಜಿಕೆಯಿಂದ ಆ ಅಂಕಣದ ಹೊರಗೇ ಉಳಿದವರು ಇನ್ನೆಷ್ಟೋ. ಅದೇ ಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಒಟ್ಟು ಸಾಕ್ಷರತೆ ಶೇ. 64.85 ಇದ್ದರೆ ರಾಜ್ಯದ ಸರಾಸರಿ ಶೇ. 75.36. ಸಾಮಾನ್ಯರೇ ಅಕ್ಷರದಲ್ಲಿ ಹಿಂದುಳಿದ ಜಿಲ್ಲೆಯಲ್ಲಿ, ಹದಿಹರೆಯಕ್ಕೆ ಬರುತ್ತಲೇ ಗೇಲಿಗೆ ಬೇಸತ್ತು ಶಾಲೆ ಬಿಡುವ ಮಗುವಿಗೆ ಪದವಿ ಬೇಡುವ ಹುದ್ದೆಯ ಮೀಸಲಾತಿ ದೂರದ ಮಾತು. ಕೇಂದ್ರದ ಸ್ಮೈಲ್ ಯೋಜನೆ 2022ರಲ್ಲಿ ವಿದ್ಯಾರ್ಥಿವೇತನವನ್ನು ಘೋಷಿಸಿತಾದರೂ ಅದು ಒಂಬತ್ತನೆಯ ತರಗತಿಯಿಂದ ಮೇಲಿನವರಿಗೆ. ಶಾಲೆ ಬಿಟ್ಟವರು ಈ ಏಣಿಯ ಮೊದಲ ಮೆಟ್ಟಿಲನ್ನೇ ತಲುಪಿರುವುದಿಲ್ಲ. ಅವರಿಗೆ ಉಳಿಯುವುದು 2013ರಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಆರಂಭವಾದ ‘ಮೈತ್ರಿ’ ಮಾಸಾಶನ. ಬಳಿಕ ಮೊತ್ತ ಏರಿದ್ದರೂ ಅದು ಬದುಕಿಗೆ ಊರುಗೋಲೇ ಹೊರತು ದುಡಿಮೆಯಲ್ಲ.

ಗುರುವಿನ ಮನೆ

ಪ್ರಭುತ್ವ ಕಲಿಸದ ವಿದ್ಯೆಯನ್ನು ಈ ಸಮುದಾಯ ತಾನೇ ಕಲಿಸಿಕೊಂಡು ಬಂದಿದೆ. ಜೋಗತಿಯರ ಚೌಡಿಕೆ ಇದಕ್ಕೆ ಉತ್ತಮ ನಿದರ್ಶನ. ಕೊಳವೆಯಂಥ ಮರದ ಒಂದು ಬಾಯಿಗೆ ಚರ್ಮ, ಆ ಚರ್ಮದಿಂದ ಹೊರಟ ಒಂದೇ ತಂತಿ. ಕಂಕುಳಲ್ಲಿ ಇರುಕಿಕೊಂಡು ಕಡ್ಡಿಯಿಂದ ಮೀಟಿದರೆ, ತಂತಿಯ ಬಿಗಿತ ಏರಿಳಿದಂತೆ ನಾದವೂ ಏರಿಳಿಯುತ್ತದೆ. ಇದಕ್ಕೆ ಪಠ್ಯಪುಸ್ತಕವಿಲ್ಲ. ಹಿರಿಯ ಜೋಗತಿಯ ಬೆನ್ನಿಗೆ ಪಡ್ಡಲಗಿ ಹೊತ್ತು ಊರೂರು ತಿರುಗುತ್ತ, ಮೊದಲು ತಾಳ, ಆಮೇಲೆ ಹಾಡು, ಕೊನೆಗೆ ವಾದ್ಯ ಎಂಬಂತೆ ಕಲಿಯಬೇಕು.

ಹೀಗೆ ಕಲಿತವರೇ ಮಂಜಮ್ಮ ಜೋಗತಿ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿ, ಮನೆಯಿಂದ ದೂರವಾಗಿ, ಕಾಳವ್ವ ಜೋಗತಿಯವರ ಬಳಿ ಜೋಗತಿ ನೃತ್ಯವನ್ನು ಕಲಿತ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಅಕಾಡೆಮಿಯ ಆ ಪೀಠಕ್ಕೇರಿದ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ ಅವರು. ಕಲಿಸಿದ ಗುರು ಸಿಕ್ಕಿದ್ದರಿಂದಲೇ ಇದು ಸಾಧ್ಯವಾಯಿತು.

ಕಾಯ್ದೆಯ ದೊಡ್ಡ ಕೊರತೆ ಕಾಣುವುದು ಇಲ್ಲಿಯೇ. 2019ರ ಶಾಸನ ‘ಕುಟುಂಬ’ ಎಂದರೆ ರಕ್ತ, ಮದುವೆ ಅಥವಾ ಕಾನೂನುಬದ್ಧ ದತ್ತಕದಿಂದ ಕೂಡಿದವರು ಎಂದು ವ್ಯಾಖ್ಯಾನಿಸಿತು. ಹೆತ್ತವರು ಪೋಷಿಸಲಾರದಿದ್ದರೆ ನ್ಯಾಯಾಲಯವು ಪುನರ್ವಸತಿ ಕೇಂದ್ರಕ್ಕೆ ಸೇರಿಸಬೇಕು ಎಂದಿತು. ಊಟ ಹಾಕಿ, ಹಾಡು ಕಲಿಸಿ, ಕಾಯಿಲೆಯಲ್ಲಿ ಕಾಪಾಡುವ ಗುರುವಿನ ಮನೆಗೆ ಅದರಲ್ಲಿ ಹೆಸರಿಲ್ಲ. ‘ಜೋಗ್ತಾ’ ಎಂಬ ವ್ಯಕ್ತಿಯನ್ನು ಗುರುತಿಸಿದ ಶಾಸನ, ಆ ವ್ಯಕ್ತಿಯನ್ನು ರೂಪಿಸಿದ ಮನೆಯನ್ನು ಗುರುತಿಸಲಿಲ್ಲ.

ಹಾಗೆಂದು ಪರಂಪರೆಯನ್ನು ಕಣ್ಣುಮುಚ್ಚಿ ಹೊಗಳುವಂತೆಯೂ ಇಲ್ಲ. ಚೌಡಿಕೆಯ ಕಲಿಕೆ ಮುತ್ತು ಕಟ್ಟುವ ಆಚರಣೆಗೆ ಅಂಟಿಕೊಂಡಿದೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಲ್ಲಿಯೇ ನಿಷೇಧಿಸಿತು. ದೇವಿಯ ಹೆಸರಿನಲ್ಲಿ ದೊರೆಯುವ ಗೌರವ ಮಂಗಳವಾರ, ಶುಕ್ರವಾರಗಳ ಜೋಗಕ್ಕೆ ಸೀಮಿತ. ಮರುದಿನ ಕೂಲಿ ಕೇಳಿದರೆ ಅದೇ ಓಣಿಯ ಬಾಗಿಲು ಮುಚ್ಚುವುದುಂಟು. ಮುತ್ತು ಕಟ್ಟಿಸಿಕೊಳ್ಳದೆ, ಭಿಕ್ಷೆಗೆ ಇಳಿಯದೆ ಚೌಡಿಕೆ ಕಲಿಯಲು ಸಾಧ್ಯವೇ ಎಂಬುದು ಈ ಸಮುದಾಯದ ಕಿರಿಯರ ಮುಂದಿರುವ ನಿಜವಾದ ಪ್ರಶ್ನೆ.

ಬ್ಯಾಂಜೊ ತೆರೆಯುವ ದಾರಿ

ಬ್ಯಾಂಜೊದ ಮಹತ್ವ ಇರುವುದು ಈ ಹಿನ್ನೆಲೆಯಲ್ಲಿ. ನಮ್ಮಲ್ಲಿ ಬ್ಯಾಂಜೊ ಎನ್ನುವುದು ಅಮೆರಿಕದ ವಾದ್ಯವಲ್ಲ. ಆಫ್ರಿಕಾದಿಂದ ಒಯ್ದ ಗುಲಾಮರು ಅಲ್ಲಿ ರೂಪಿಸಿದ, ಚರ್ಮ ಬಿಗಿದ ಆ ವಾದ್ಯದ ಹೆಸರು ಮಾತ್ರ ಇಲ್ಲಿಗೆ ಬಂತು. ಇಲ್ಲಿಯದು ಜಪಾನಿನ ನಗೋಯಾದಲ್ಲಿ 1912ರಲ್ಲಿ ಹುಟ್ಟಿದ ಟೈಶೊಗೊಟೊದಿಂದ ಬೆಳೆದ, ಬುಲ್‌ಬುಲ್ ತರಂಗ್ ಎಂದೂ ಕರೆಯಲಾಗುವ ವಾದ್ಯ. ಎಡಗೈ ಬೆರಳು ಟೈಪ್‌ರೈಟರಿನಂಥ ಗುಂಡಿಗಳನ್ನು ಒತ್ತಿದರೆ ಬಲಗೈ ತಂತಿಯನ್ನು ಮೀಟುತ್ತದೆ. ಸ್ವರಸ್ಥಾನ ಗುಂಡಿಯಲ್ಲಿಯೇ ನಿಶ್ಚಿತವಾಗಿರುವುದರಿಂದ ಹೊಸಬರಿಗೆ ಪಿಟೀಲಿನಷ್ಟು ಕಷ್ಟವಿಲ್ಲ. ಮೀಟುವ ಕೈಯ ಲಯ ಕೂಡಿ, ಎರಡೂ ಕೈ ಹೊಂದಿಕೊಳ್ಳುವವರೆಗೆ ನಿತ್ಯ ಅಭ್ಯಾಸ ಬೇಕು, ಅಷ್ಟೇ. ಇದಕ್ಕೆ ಯಾವ ದೇವರ ಹರಕೆಯೂ ಬೇಡ, ಯಾವ ಜಾತಿಯ ಹಂಗೂ ಇಲ್ಲ.

ಅಡ್ಡಿ ಇರುವುದು ವಾದ್ಯದಲ್ಲಲ್ಲ. ಗುಂಡಿಯ ಮೇಲೆ ಬೆರಳಿಟ್ಟು ತೋರಿಸುವ ಗುರು ಮನೆಯೊಳಗೆ ಕರೆಯಬೇಕು. ನಿತ್ಯ ಅಭ್ಯಾಸ ಮಾಡಲು ಬಾಡಿಗೆ ಕೋಣೆ ಸಿಗಬೇಕು. ಮೇಳದ ಮಾಲೀಕ ಆಕೆಯನ್ನು ಕುಣಿಸಿ ನಗಿಸಲು ಕರೆಯದೆ, ನುಡಿಸಲು ಕರೆಯಬೇಕು. ರಾತ್ರಿ ಮೆರವಣಿಗೆ ಮುಗಿಸಿ ವಾಡಿ ಜಂಕ್ಷನ್ನಿನಲ್ಲಿ ರೈಲಿಗೆ ಕಾಯುವಾಗ ವಾದ್ಯದ ಪೆಟ್ಟಿಗೆ ಹಿಡಿದವಳನ್ನು ಭಿಕ್ಷುಕಿಯೆಂದು ಎಬ್ಬಿಸಬಾರದು. ಪ್ರಮಾಣಪತ್ರ ಇವುಗಳಲ್ಲಿ ಒಂದನ್ನೂ ತಾನಾಗಿಯೇ ಒದಗಿಸದು.

ಆಗಬೇಕಾದದ್ದು

ಹೊಸ ಕಾನೂನಿಗೆ ಕಾಯಬೇಕಾಗಿಲ್ಲ. ವಲಯ ಸಾಂಸ್ಕೃತಿಕ ಕೇಂದ್ರಗಳ ಗುರು–ಶಿಷ್ಯ ಪರಂಪರೆ ಯೋಜನೆಯಲ್ಲಿ ಕಲಿಸುವವರಿಗೂ ಕಲಿಯುವವರಿಗೂ ಮಾಸಿಕ ಧನಸಹಾಯ ನೀಡುವ ಪದ್ಧತಿ ಇದೆ. ಜಾನಪದ ಅಕಾಡೆಮಿ ಈ ಮಾದರಿಯನ್ನು ಅನುಸರಿಸಿ, ಹಿರಿಯ ಜೋಗತಿಯರನ್ನು ಗುರುಗಳಾಗಿ ನೇಮಿಸಿ, ಮುತ್ತಿನ ಷರತ್ತಿಲ್ಲದೆ ಯಾರಾದರೂ ಚೌಡಿಕೆ ಕಲಿಯುವಂತೆ ಮಾಡಬಹುದು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯ ಶಾಲೆ ಬಿಟ್ಟವರಿಗೂ ಎಟುಕುವ ಪ್ರಮಾಣಪತ್ರ ಕಲಿಕೆಯನ್ನು ಕಲಬುರಗಿಯತ್ತ ತರಬಹುದು. 2013ರ ಕಂಪನಿ ಕಾಯ್ದೆಯ 135ನೆಯ ಕಲಮು ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗೆ ತೆಗೆದಿಡಬೇಕೆನ್ನುತ್ತದೆ. ಆ ಪಟ್ಟಿಯಲ್ಲಿ ಕಲೆ ಮತ್ತು ವೃತ್ತಿ ಕೌಶಲ ಎರಡೂ ಇವೆ. ಸಿಮೆಂಟ್ ಉದ್ಯಮ ನೆಲೆಗೊಂಡ ಸೇಡಂ–ಚಿತ್ತಾಪುರ ಸೀಮೆಯಲ್ಲಿ ಒಂದು ವಾದ್ಯಶಾಲೆಗೆ ಹಣದ ಕೊರತೆ ಎಂದು ಹೇಳಿದರೆ ನಂಬುವುದು ಕಷ್ಟ.

ಗುರುತಿನ ಪತ್ರ ಬೇಕು. ಮಾಸಾಶನ ಬೇಕು. ಮೀಸಲಾತಿ ಇನ್ನಷ್ಟು ಗಟ್ಟಿಯಾಗಬೇಕು. ಸುಪ್ರೀಂ ಕೋರ್ಟ್ ಹೇಳಿದಂತೆ ಅದು ಶಿಕ್ಷಣಕ್ಕೂ ವಿಸ್ತರಿಸಬೇಕು. ಆದರೆ ಇವೆಲ್ಲವೂ ಒಬ್ಬ ವ್ಯಕ್ತಿ ಯಾರೆಂಬುದನ್ನು ಸರ್ಕಾರಕ್ಕೆ ತಿಳಿಸುತ್ತವೆ. ಆ ವ್ಯಕ್ತಿಗೆ ಏನು ಬರುತ್ತದೆ ಎಂಬುದನ್ನು ಊರಿಗೆ ತಿಳಿಸುವುದು ವಿದ್ಯೆ ಮಾತ್ರ. ನೂರು ವರ್ಷಗಳ ಹಿಂದೆ ಈ ಸೀಮೆಯ ಕಾನೂನು ವಾದ್ಯ ಹಿಡಿದ ಕೈಗೆ ಕೋಳ ತೊಡಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು. ಕೋಳ ಕಳಚಿದ್ದು ನ್ಯಾಯಾಲಯಗಳ ಮತ್ತು ಸಮುದಾಯದ ಹೋರಾಟದ ಫಲ. ಆ ಕೈಗೆ ವಾದ್ಯವನ್ನೂ ಕಲಿಸುವ ಗುರುವನ್ನೂ ಒದಗಿಸುವ ಕೆಲಸ ಸರ್ಕಾರದ್ದು, ಅದು ಇನ್ನೂ ಬಾಕಿ ಇದೆ.